ಮೂರು ಗಂಟೆಯ ಪ್ರಾರ್ಥನೆ

ನಮ್ಮಲ್ಲಿ ಕೆಲವು ಮಾತುಗಳಿವೆ. ಅವನ್ನು ಆಡುವವರೂ ನಂಬುವುದಿಲ್ಲ, ಕೇಳುವವರೂ ನಂಬುವುದಿಲ್ಲ, ಆದರೂ ಯಾರಿಗೂ ಬೇಸರವಾಗುವುದಿಲ್ಲ. “ಒಂದು ದಿನ ಮನೆ ಕಡೆ ಬನ್ನಿ” ಎನ್ನುವುದು ಒಂದು. ಯಾವ ದಿನ ಎಂದು ಕೇಳಿಬಿಟ್ಟರೆ ಕರೆದವರು ಕಕ್ಕಾಬಿಕ್ಕಿಯಾಗುತ್ತಾರೆ. “ಐದೇ ನಿಮಿಷ, ಬಂದ್ಬಿಟ್ಟೆ” ಎನ್ನುವುದು ಇನ್ನೊಂದು. ಬೆಂಗಳೂರಿನಲ್ಲಿ ಹೀಗೆ ಹೇಳುವವನು ಸಾಮಾನ್ಯವಾಗಿ ಬಚ್ಚಲುಮನೆಯಿಂದ ಮಾತಾಡುತ್ತಿರುತ್ತಾನೆ. ಕ್ರೈಸ್ತರಾದ ನಮಗೆ ಇವುಗಳ ಮೇಲೆ ಇನ್ನೂ ಒಂದು ಹೆಚ್ಚಿಗೆ ಇದೆ: “ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ.”

ಇದನ್ನು ಹೇಳುವುದಕ್ಕೆ ಒಂದು ಕ್ರಮವಿದೆ. ದನಿ ತಾನಾಗಿಯೇ ತಗ್ಗುತ್ತದೆ, ತಲೆ ಒಂದು ಪಕ್ಕಕ್ಕೆ ವಾಲುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಪರೀಕ್ಷೆ ಬರೆಯುವ ಹುಡುಗಿಗೂ ಹೇಳಬಹುದು, ಮಂಡಿನೋವಿನ ಸೋದರತ್ತೆಗೂ ಹೇಳಬಹುದು. ಭಾನುವಾರ ಆರಾಧನೆ ಮುಗಿದು ಚರ್ಚಿನ ಅಂಗಳದಲ್ಲಿ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ನಾನು ನಾಲ್ಕಾರು ಜನರಿಗಾದರೂ ಈ ಮಾತು ಕೊಟ್ಟಿರುತ್ತಿದ್ದೆ. ಸ್ಕೂಟರ್ ಸ್ಟಾರ್ಟ್ ಆಗುವಷ್ಟರಲ್ಲಿ ಆ ಮುಖಗಳೆಲ್ಲ ಅಳಿಸಿ ಹೋಗಿರುತ್ತಿದ್ದವು. ಆಡಿದ ಮಾತುಗಳನ್ನೆಲ್ಲ ನಾನು ಮರೆತೆ. ಅವುಗಳಲ್ಲಿ ಒಂದು ಮಾತು ನನ್ನನ್ನು ಮರೆಯಲಿಲ್ಲ. ಅದನ್ನೇ ನಿಮಗೆ ಹೇಳಹೊರಟಿದ್ದೇನೆ. ನಂಬಲೇಬೇಕೆಂಬ ಒತ್ತಾಯವೇನೂ ಇಲ್ಲ. ಮಧ್ಯಾಹ್ನ ಮೂರು ಗಂಟೆಯ ಹೊತ್ತೊಂದನ್ನು ಬಿಟ್ಟು ಉಳಿದ ವೇಳೆಯಲ್ಲಿ ನಾನೂ ಅದನ್ನು ನಂಬುವುದಿಲ್ಲ.

ಮೊದಲು ನನ್ನ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿಕೊಂಡುಬಿಡುತ್ತೇನೆ, ಮುಂದೆ ಅವಕಾಶ ಸಿಗಲಾರದು. ಜೆ.ಪಿ. ನಗರದ ಒಂದು ಹಳೆಯ, ಲಿಫ್ಟಿಲ್ಲದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ನಾನೂ ನನ್ನ ಹೆಂಡತಿ ಸುಗುಣಳೂ ಇದ್ದೇವೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಇಡೀ ಕಟ್ಟಡಕ್ಕೆ ನಾವೊಂದೇ ಕ್ರೈಸ್ತ ಕುಟುಂಬ. ಹೀಗೆ ಒಂಟಿಯಾಗಿರುವುದರಲ್ಲಿ ಒಂದು ಪೇಚಿದೆ. ಹಸಿಕಸ ಒಣಕಸ ಬೇರೆ ಮಾಡದೆ ಇಟ್ಟರೆ ಆನಂದರಾಜ್ ಹಾಗಿಟ್ಟ ಎಂದಾಗುವುದಿಲ್ಲ, “ಆ ಕ್ರಿಶ್ಚಿಯನ್‌ನವರು” ಹಾಗಿಟ್ಟರು ಎಂದಾಗುತ್ತದೆ. ಎರಡು ಸಾವಿರ ವರ್ಷಗಳ ಧರ್ಮದ ಮಾನವೆಲ್ಲ ನನ್ನ ಕಸದ ಬಕೆಟ್ಟಿನಲ್ಲಿ ಕುಳಿತಿರುತ್ತದೆ. ಅದಕ್ಕೇ ನಾನು ಬಹಳ ಹುಷಾರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಪೊಲೀಸರಿಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತ ನನ್ನ ವಂಶವನ್ನೆಲ್ಲ ನೆನೆಯುತ್ತಾರೆ. ಮನೆಯ ಸೋಫಾದ ಮೇಲೆ ಕುಳಿತು ಸಿಲ್ಕ್ ಬೋರ್ಡ್ ಹತ್ತಿರ ಇದ್ದೇನೆ ಎಂದು ಫೋನಿನಲ್ಲಿ ಹೇಳುವುದಿಲ್ಲ. ಜಯನಗರದ ನಮ್ಮ ವಿಮಾ ಕಚೇರಿಯಲ್ಲಿ “ಆನಂದ್‌ರಾಜ್ ಹೇಳಿದ್ರೆ ಮುಗೀತು” ಎಂಬ ಮಾತಿದೆ. ಆಣೆ ಇಡಬಾರದು, ಆಣೆಯೇ ಬೇಕಾಗದಂತೆ ಮಾತಾಡಬೇಕು ಎಂದು ನಮಗೆ ಬಾಲ್ಯದಲ್ಲಿ ಕಲಿಸಿದ್ದರು. ನಾನು ಹಾಗೆಯೇ ಬದುಕುತ್ತಿದ್ದೇನೆಂದು ತಿಳಿದಿದ್ದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎನ್ನುವ ಗಾದೆ ಬೇರೆಯವರಿಗಾಗಿ ಹುಟ್ಟಿದ್ದು ಎಂದೇ ನನ್ನ ಎಣಿಕೆಯಾಗಿತ್ತು.

ನಮ್ಮ ಪಕ್ಕದ ಮನೆಯಲ್ಲಿರುವವರು ಶ್ರೀನಿವಾಸಮೂರ್ತಿಗಳು ಮತ್ತು ಅವರ ಹೆಂಡತಿ ನಾಗರತ್ನಮ್ಮ. ಬಸವನಗುಡಿಯ ಹಳೆಯ ಮನೆತನದವರು. ಮೂರ್ತಿಗಳು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ಮಗಳು ವೀಣಾ ಬಿಳೇಕಹಳ್ಳಿಯಲ್ಲಿದ್ದಾಳೆ, ದಿನಕ್ಕೊಮ್ಮೆ ಬಂದು ಹೋಗುತ್ತಾಳೆ. ನಮ್ಮ ಹಾಲಿಗೂ ಅವರ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಒರಗಿಸಿ ನಾವೊಂದು ಬೆತ್ತದ ಕುರ್ಚಿ ಹಾಕಿದ್ದೇವೆ. ಆ ಕಡೆ ಅದೇ ಗೋಡೆಗೆ ತಾಗಿ ಮೂರ್ತಿಗಳ ಮಂಚ.

ಈ ವರ್ಷ ಬೇಸಿಗೆಯ ಶುರುವಿನಲ್ಲಿ ಮೂರ್ತಿಗಳು ಬಚ್ಚಲಿನಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಒಳಗೆ ಸ್ವಲ್ಪ ರಕ್ತ ಕಟ್ಟಿದೆ, ತಾನಾಗಿಯೇ ಕರಗಬಹುದು, ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದು ಕಳಿಸಿದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದ ದಿನ ನಾನೂ ಕೈ ಹಾಕಿದ್ದೆ. ಅವರ ಮಾತು ಆಗಲೇ ತೊದಲುತ್ತಿತ್ತು. ಬಾಗಿಲ ಹತ್ತಿರ ನಾಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ದನಿ ತಗ್ಗಿತು, ತಲೆ ವಾಲಿತು.

“ನಾನು ಮೂರ್ತಿ ಸಾರ್‌ಗೋಸ್ಕರ ಪ್ರಾರ್ಥನೆ ಮಾಡ್ತೀನಮ್ಮ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. “ಎಷ್ಟು ಹೊತ್ತಿಗೆ ಮಾಡ್ತೀರಿ?”

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಮ್ಮವರಾರೂ ಕೇಳುವುದಿಲ್ಲ, ಕೇಳಿದರೆ ತಮ್ಮ ಗುಟ್ಟೂ ಹೊರಬೀಳುತ್ತದೆ. ಶುಭ ಶುಕ್ರವಾರದ ಆರಾಧನೆ ಮುಗಿಯುವ ಗಂಟೆ ಅದೇಕೋ ನಾಲಿಗೆಗೆ ಬಂತು. “ಮಧ್ಯಾಹ್ನ ಮೂರಕ್ಕೆ” ಎಂದೆ.

“ಸರಿ. ಆ ಹೊತ್ತಿಗೆ ನಾನೂ ಇವ್ರ ಹತ್ರ ಕೂತ್ಕೋತೀನಿ. ಮಡಿ ಗಿಡಿ ಏನಾದ್ರೂ ಇದ್ಯಾ ನಿಮ್ಮಲ್ಲಿ?”

“ಏನೂ ಇಲ್ಲಮ್ಮ” ಎಂದೆ. ಆ ಸಂಭಾಷಣೆಯಲ್ಲಿ ನಾನು ಹೇಳಿದ ಒಂದೇ ನಿಜ ಅದು.

ನಾನು ಆಡಿದ್ದು ಉಪಚಾರದ ಮಾತು, ಅವರು ಕೇಳಿಸಿಕೊಂಡದ್ದು ಸಂಕಲ್ಪ. ಅವರಲ್ಲಿ ಪೂಜೆಗೆ ಮುಂಚೆ ಯಾರಿಗಾಗಿ, ಎಲ್ಲಿ, ಯಾವಾಗ ಎಂದು ಬಾಯಿ ಬಿಟ್ಟು ಹೇಳಿ ಅಕ್ಷತೆ ಬಿಡುತ್ತಾರಲ್ಲ, ಹಾಗೆ. ಆಮೇಲೆ ಅದನ್ನು ಮಾಡದೆ ಬಿಡುವಂತಿಲ್ಲ. ಆಡಿ ಬಿಟ್ಟುಬಿಟ್ಟ ಸಂಕಲ್ಪ ತನ್ನ ಕೆಲಸಕ್ಕೆ ತಾನೇ ಜನ ಹುಡುಕಿಕೊಳ್ಳುತ್ತದೆ ಎಂದು ನಾಗರತ್ನಮ್ಮನವರ ಅತ್ತೆ ಹೇಳುತ್ತಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಬಹಳ ತಡವಾಗಿ. ಮೊದಲೇ ಹೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದೆ.

ಮಧ್ಯಾಹ್ನ ಮೂರಕ್ಕೆ ನಾನು ಇರುವುದು ಕಚೇರಿಯಲ್ಲಿ. ಊಟವಾಗಿ, ಫ್ಯಾನಿನ ಕೆಳಗೆ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಹೊತ್ತು ಅದು. ಸುಗುಣ ಬನಶಂಕರಿಯ ಶಾಲೆಯೊಂದರಲ್ಲಿ ಟೀಚರ್, ಅವಳು ಮನೆಗೆ ಬರುವಾಗ ನಾಲ್ಕೂವರೆ. ರಜಾದಿನಗಳಲ್ಲೂ ಚರ್ಚು, ನೆಂಟರ ಮನೆ ಎಂದು ಮಧ್ಯಾಹ್ನ ಇಬ್ಬರೂ ಹೊರಗೇ ಇರುತ್ತೇವೆ. ಆ ಹೊತ್ತಿನಲ್ಲಿ ನಮ್ಮ ಮನೆಗೆ ಬೀಗ.

ಒಂದು ವಾರ ಕಳೆದಿರಬೇಕು. ಸಂಜೆ ಮೆಟ್ಟಿಲು ಹತ್ತುತ್ತಿದ್ದೆ. ನಾಗರತ್ನಮ್ಮ ಬಾಗಿಲಲ್ಲಿ ನಿಂತಿದ್ದರು, ಮುಖದಲ್ಲಿ ಬಹಳ ದಿನಗಳ ಮೇಲೆ ನೆಮ್ಮದಿ ಕಂಡಿತು.

“ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಆನಂದ್‌ರಾಜ್ ಅವ್ರೆ. ದಿನಾ ತಪ್ಪಿಸ್ದೆ ಮಾಡ್ತಿದ್ದೀರಿ. ನಿಮ್ಮ ದನಿ ಕೇಳಿದ್ ಕೂಡ್ಲೆ ಇವ್ರು ಹೊರಳಾಡೋದು ನಿಲ್ಲಿಸ್ತಾರೆ.”

“ದನಿಯಾ?” ಎಂದೆ.

“ಗೋಡೆ ಹಿಂದೆ ಚೆನ್ನಾಗಿ ಕೇಳ್ಸತ್ತೆ. ಶುರು ಮಾಡೋಕ್ ಮುಂಚೆ ಎರಡು ಸಲ ಕೆಮ್ತೀರಲ್ಲ, ಆವಾಗ್ಲೇ ಇವ್ರಿಗೆ ಗೊತ್ತಾಗ್ಬಿಡತ್ತೆ.”

ಮಾತಿಗೆ ಮುಂಚೆ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ನನ್ನ ಅಭ್ಯಾಸ. ಸುಗುಣಳಿಗೆ ಅದನ್ನು ಕಂಡರೆ ಆಗುವುದಿಲ್ಲ. ಚರ್ಚಿನಲ್ಲಿ ನಾನು ಮೈಕಿನ ಮುಂದೆ ನಿಂತು ಹಾಗೆ ಮಾಡಿದಾಗಲೆಲ್ಲ ಅವಳು ಮೂರನೇ ಸಾಲಿನಿಂದ ನನ್ನನ್ನು ದಿಟ್ಟಿಸುತ್ತಾಳೆ. ನಾಗರತ್ನಮ್ಮನವರು ನಮ್ಮ ಚರ್ಚಿಗೆ ಬಂದವರಲ್ಲ.

ಆಗ ನಾನು ಏನಾದರೂ ಹೇಳಬೇಕಾಗಿತ್ತು. ಸುಮ್ಮನೆ ನಕ್ಕು ಒಳಗೆ ಹೋದೆ. ಸುಗುಣಳಿಗೆ ವಿಷಯ ಹೇಳಿದೆ.

“ನಮ್ಮನೇಲಿ ಯಾರೋ ಪ್ರಾರ್ಥನೆ ಮಾಡ್ತಾರಂತೆ ಕಣೇ, ನನ್ನ ದನೀಲಿ.”

“ದಿನಾ ಮಾಡ್ತಾರಾ?” ಎಂದಳು ಈರುಳ್ಳಿ ಹೆಚ್ಚುತ್ತಾ.

“ದಿನಾನಂತೆ.”

“ಹಾಗಾದ್ರೆ ಖಂಡಿತ ನೀವಲ್ಲ ಬಿಡಿ.”

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಗೋಡೆಯ ಕಡೆ ನೋಡಿದೆವು. ಅದು ಯಾಕೋ ಚೆನ್ನಾಗಿರಲಿಲ್ಲ.

ಅಪಾರ್ಟ್‌ಮೆಂಟಿನ ಸದ್ದುಗಳ ಬಗ್ಗೆಯೇ ಯಾರಾದರೂ ಸಂಶೋಧನೆ ಮಾಡಬೇಕು. ಮೇಲಿನವರು ರುಬ್ಬಿದರೆ ಕೆಳಗಿನವರ ಮಂಚ ನಡುಗುತ್ತದೆ. ಪೈಪಿನಲ್ಲಿ ನೀರಿಳಿದರೆ ಮುದುಕರು ಗೊಣಗಿದಂತಾಗುತ್ತದೆ. ಹಳೆಯ ಕಾಲದಲ್ಲಿ ದೆವ್ವಗಳಿಗೆ ಪ್ರತ್ಯೇಕ ಹುಣಸೆಮರವಿರುತ್ತಿತ್ತು. ಈಗ ಮರಗಳೆಲ್ಲ ಹೋಗಿ ಅವೂ ಎರಡು ಬೆಡ್‌ರೂಮಿನ ಮನೆಗೆ ಹೊಂದಿಕೊಂಡಿರಬಹುದು ಎಂದು ತಮಾಷೆ ಮಾಡಿಕೊಂಡೆ. ನಮಗೆ ದೆವ್ವದಲ್ಲಿ ನಂಬಿಕೆ ಇರಕೂಡದು. ಪವಿತ್ರಾತ್ಮನಲ್ಲಿ ಮಾತ್ರ ಇರಬೇಕು. ಆದರೆ ಮಧ್ಯಾಹ್ನ ಮೂರಕ್ಕೆ ಬೀಗ ಹಾಕಿದ ಮನೆಯಲ್ಲಿ ಕೆಮ್ಮುವುದು ಯಾವುದು ಎಂದು ಹೇಗೆ ತಿಳಿಯುವುದು? ಕೆಳಗಿನ ಮನೆಯ ಟಿವಿ ಇರಬಹುದೆಂದು ವಿಚಾರಿಸಿದೆ. ಆ ಮನೆಯವರು ಸುಬ್ರಹ್ಮಣ್ಯಪುರಕ್ಕೆ ಹೋಗಿ ತಿಂಗಳುಗಳಾಗಿದ್ದವು, ಮನೆ ಖಾಲಿ ಬಿದ್ದಿತ್ತು. ನಮ್ಮ ರೇಡಿಯೋದ ವೈರ್ ಕಿತ್ತಿಟ್ಟೆ. ದನಿ ನಿಲ್ಲಲಿಲ್ಲ. “ಇವತ್ತು ಸ್ವಲ್ಪ ಹೆಚ್ಚು ಹೊತ್ತು ಮಾಡಿದ್ರಿ” ಎಂದು ನಾಗರತ್ನಮ್ಮ ಮರುದಿನ ಸಂತೋಷಪಟ್ಟರು.

ಒಂದು ದಿನ ಕಚೇರಿಯಿಂದ ಬೇಗ, ಮೂರೂವರೆಯ ಹೊತ್ತಿಗೆ ಬಂದೆ. ಸುಗುಣ ಇನ್ನೂ ಬಂದಿರಲಿಲ್ಲ. ಬೀಗ ತೆಗೆದು ಒಳಗೆ ಹೋಗಿ, ಬಿಸಿಲಿನಲ್ಲಿ ಬಂದ ಆಯಾಸಕ್ಕೆ ಬೆತ್ತದ ಕುರ್ಚಿಯಲ್ಲಿ ಕುಳಿತೆ. ಕುಳಿತವನು ತಕ್ಷಣ ಎದ್ದೆ. ಕುರ್ಚಿ ಬೆಚ್ಚಗಿತ್ತು. ಬಿಸಿಲು ಬೀಳುವ ಜಾಗ ಅದಲ್ಲ. ಯಾರೋ ಬಹಳ ಹೊತ್ತು ಕುಳಿತಿದ್ದು, ನನಗೆ ಜಾಗ ಬಿಡಲು ಈಗತಾನೆ ಎದ್ದ ಹಾಗೆ ಬೆಚ್ಚಗಿತ್ತು. ಬಸ್ಸಿನಲ್ಲಿ ಎಷ್ಟೋ ಸಲ ಅಂಥ ಸೀಟಿನಲ್ಲಿ ಕುಳಿತಿದ್ದೇನೆ, ಅಲ್ಲಿ ಎದ್ದು ಹೋದವರ ಬೆನ್ನಾದರೂ ಕಾಣುತ್ತದೆ. ಸುಗುಣ ಬರುವ ತನಕ ನಾನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಕೀ ಮರೆತಿರಾ ಎಂದು ಕೇಳಿದಳು. ಇಲ್ಲ ಎಂದೆ, ಏಕೆಂದರೆ ನಾನು ಸುಳ್ಳು ಹೇಳುವವನಲ್ಲ.

ಇಷ್ಟಾದರೂ ನಾನು ನಾಗರತ್ನಮ್ಮನವರಿಗೆ ನಿಜ ಹೇಳಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಆ ದನಿಯಿಂದ ನನಗೆ ಒಳ್ಳೆಯ ಹೆಸರು ಬರುತ್ತಿತ್ತು. ಗೇಟಿನ ಹತ್ತಿರ ಕಟ್ಟಡದ ಹಿರಿಯರು ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು. ಶುಕ್ರವಾರ ನಾಗರತ್ನಮ್ಮ ಹೆಸರುಬೇಳೆ ಪಾಯಸ ಕೊಟ್ಟು ಕಳಿಸುತ್ತಿದ್ದರು. ಯಾರೋ ಮಾಡಿದ ಪ್ರಾರ್ಥನೆಯ ಪಾಯಸ ನಾನು ಉಣ್ಣುತ್ತಿದ್ದೆ, ದ್ರಾಕ್ಷಿ ಗೋಡಂಬಿ ಆರಿಸಿಕೊಂಡು. ಹೆದರಿಕೆಯೂ ಇತ್ತು, ಪಾಯಸವೂ ಇತ್ತು. ಮನುಷ್ಯನ ಹೊಟ್ಟೆಯಲ್ಲಿ ಎರಡಕ್ಕೂ ಜಾಗವಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ವೀಣಾ ಗೇಟಿನ ಹತ್ತಿರ ನನ್ನ ಸ್ಕೂಟರ್ ತಡೆದಳು. ಕಣ್ಣುಗಳು ಕೆಂಪಾಗಿದ್ದವು.

“ಅಂಕಲ್, ನೀವಾದ್ರೂ ಅಮ್ಮಂಗೆ ಹೇಳಿ. ಅಪ್ಪಂಗೆ ಮತ್ತೆ ಸ್ಕ್ಯಾನ್ ಮಾಡಿಸಿದ್ವಿ. ರಕ್ತ ಕರಗಿಲ್ಲ, ಜಾಸ್ತಿ ಆಗಿದೆಯಂತೆ. ಬೇಗ ಆಪರೇಷನ್ ಮಾಡಿ ತೆಗೀಬೇಕು ಅಂತಿದಾರೆ ಡಾಕ್ಟ್ರು. ಅಮ್ಮ ಒಪ್ತಿಲ್ಲ.”

“ಯಾಕಮ್ಮ?”

“ನೀವು ಪ್ರಾರ್ಥನೆ ಮಾಡ್ತಿದ್ದೀರಂತೆ, ಅದ್ರಿಂದ್ಲೇ ವಾಸಿ ಆಗ್ತಿದೆಯಂತೆ. ಮೂರು ಗಂಟೆಗೆ ಅಪ್ಪ ಎಷ್ಟು ಶಾಂತವಾಗ್ತಾರೆ ನೋಡು, ತಲೆಗೆ ಕತ್ತಿ ಹಾಕ್ಸೋದು ಬೇಡ ಅಂತಾರೆ. ಲೇಟಾದ್ರೆ ಅಪ್ಪ ಉಳಿಯಲ್ಲ ಅಂಕಲ್.”

ಸ್ಕೂಟರ್ ಆಫ್ ಮಾಡಿದೆ. ಇಷ್ಟು ದಿನ ಇದು ನನ್ನ ಮತ್ತು ಒಂದು ಕುರ್ಚಿಯ ನಡುವಿನ ವ್ಯವಹಾರವಾಗಿತ್ತು. ಈಗ ನನ್ನ ಉಪಚಾರದ ಮಾತೊಂದು ಒಬ್ಬ ಮನುಷ್ಯನ ತಲೆಯೊಳಗೆ ರಕ್ತವಾಗಿ ಹೆಪ್ಪುಗಟ್ಟುತ್ತಿತ್ತು. ಕೆಂಪು ದೀಪಕ್ಕೆ ನಿಲ್ಲುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದೆನಲ್ಲ! ಅಲ್ಲಿ ನಿಲ್ಲುವುದನ್ನು ಜನ ನೋಡುತ್ತಾರೆ. ಯಾರೂ ನೋಡದ ಕಡೆ, ಮುಚ್ಚಿದ ಬಾಗಿಲ ಹಿಂದೆ, ಮಾಡುತ್ತೇನೆಂದದ್ದನ್ನು ಮಾಡುವ ಜಾಗದಲ್ಲಿ ನಾನು ಇರಲೇ ಇಲ್ಲ. ನಾನಿಲ್ಲದ್ದರಿಂದಲೇ ಅಲ್ಲಿ ಇನ್ಯಾರೋ ಇದ್ದರು.

ಕಚೇರಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಬಂದೆ. ನಮ್ಮ ಮನೆಯ ಬಾಗಿಲನ್ನು ನೋಡದೆಯೇ ದಾಟಿ ಪಕ್ಕದ ಬೆಲ್ ಒತ್ತಿದೆ. ನಾಗರತ್ನಮ್ಮ ಒಳಗೆ ಕರೆದು ಮೂರ್ತಿಗಳ ಕೋಣೆಯಲ್ಲೇ ಸ್ಟೂಲ್ ಹಾಕಿದರು. ಮೂರ್ತಿಗಳು ಕಣ್ಣು ಮುಚ್ಚಿ ಮಲಗಿದ್ದರು. ಹುಬ್ಬುಗಳ ನಡುವೆ ಗಂಟು ಬಿಗಿದಿತ್ತು, ಕೈ ಹೊದಿಕೆಯನ್ನು ಹಿಂಡುತ್ತಿತ್ತು. ಮಾತು ಪೂರ್ತಿ ನಿಂತುಹೋಗಿದೆ ಎಂದರು ನಾಗರತ್ನಮ್ಮ.

“ಅಮ್ಮ, ನಿಮಗೊಂದು ವಿಷಯ ಹೇಳ್ಬೇಕು” ಎಂದು ಶುರು ಮಾಡಿದೆ.

ಅವರು ಗೋಡೆಯ ಗಡಿಯಾರ ನೋಡಿ ಗಾಬರಿಯಾದರು. “ಆಮೇಲೆ ಹೇಳಿ. ಮೊದ್ಲು ನೀವು ಮನೆಗೆ ಹೋಗಿ. ಮೂರಾಗ್ತಾ ಬಂತು. ಇವತ್ತು ತಪ್ಪಿಸ್ಬಿಡ್ತೀರಾ?”

“ಅದನ್ನೇ ಹೇಳೋಕ್ ಬಂದೆ...”

ಗೋಡೆಯಾಚೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು.

ನನ್ನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಕೀ ಅಲ್ಲೇ ಇತ್ತು. ಬೆತ್ತದ ಕುರ್ಚಿ ಕಿರುಗುಟ್ಟಿತು. ಆಮೇಲೆ ದನಿ ಶುರುವಾಯಿತು. ಅದು ನನ್ನದೇ ದನಿ. ಟೇಪಿನಲ್ಲಿ ತಮ್ಮ ದನಿ ಕೇಳಿದವರಿಗೆಲ್ಲ ಅದು ತಮ್ಮದಲ್ಲವೆನ್ನಿಸುತ್ತದೆ, ಇದು ಹಾಗಿರಲಿಲ್ಲ. ನನ್ನ ತಲೆಯೊಳಗೆ ನನಗೆ ಕೇಳಿಸುವ ದನಿಯೇ ಗೋಡೆಯ ಆ ಬದಿಯಿಂದ ಬರುತ್ತಿತ್ತು.

ಇಲ್ಲಿ ನನ್ನ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಚರ್ಚಿನಲ್ಲಿ ನಾನು ಪ್ರಾರ್ಥಿಸುವುದು ಭಾರಿ ಕನ್ನಡದಲ್ಲಿ. ಕೃಪಾಸಾಗರನೇ, ಸರ್ವಲೋಕಾಧಿಪತಿಯೇ ಎಂದು ಶುರುಮಾಡಿದರೆ ವಿಷಯಕ್ಕೆ ಬರುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ. ಮಿಷನರಿಗಳ ಕಾಲದಿಂದ ದೇವರೊಂದಿಗೆ ಹೀಗೆ ಮಾತಾಡುವ ಚಾಳಿ ನಮ್ಮಲ್ಲಿ ನಿಂತುಬಿಟ್ಟಿದೆ. ದೇವರಿಗೆ ಆಡುಮಾತು ಅರ್ಥವಾಗುವುದಿಲ್ಲವೇನೋ ಎಂಬಂತೆ. ಗೋಡೆಯಾಚೆ ಅಂಥದ್ದೇನೂ ಇರಲಿಲ್ಲ. ಮಾತುಗಳು ತಗ್ಗಿ, ಎಲ್ಲ ತಿಳಿಯುತ್ತಿರಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ಶ್ರೀನಿವಾಸಮೂರ್ತಿಗಳು ಹೆದರ್ಕೊಂಡಿದಾರೆ ಸ್ವಾಮಿ. ಅವ್ರ ಜೊತೆ ಇರು.”

ಮೂರ್ತಿಗಳ ಹುಬ್ಬಿನ ಗಂಟು ಸಡಿಲವಾಯಿತು. ಕೈ ಹೊದಿಕೆಯನ್ನು ಬಿಟ್ಟಿತು.

ನಾಗರತ್ನಮ್ಮ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ದನಿ ನಿಲ್ಲುವವರೆಗೆ ಇಬ್ಬರೂ ಅಲುಗಾಡಲಿಲ್ಲ.

“ಅದು ನಾನಲ್ಲಮ್ಮ” ಎಂದೆ. “ಯಾರು ಅಂತ ನನಗೆ ಗೊತ್ತಿಲ್ಲ. ನಾನು ಮೂರ್ತಿ ಸಾರ್‌ಗೋಸ್ಕರ ಒಂದು ದಿನಾನೂ ಪ್ರಾರ್ಥನೆ ಮಾಡಿಲ್ಲ. ಸುಮ್ನೆ ಬಾಯಿಮಾತಿಗೆ ಹೇಳಿದ್ದೆ. ನನ್ನ ಮಾತು ನಂಬ್ಕೊಂಡು ಆಪರೇಷನ್ ನಿಲ್ಲಿಸ್ಬೇಡಿ.”

ಅವರು ಹೆದರಿ ಕೂಗಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಗೋಡೆಯ ಬಗ್ಗೆ ಅವರು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ.

“ಅದು ಯಾರಾದ್ರೂ ಆಗ್ಲಿ, ನಮ್ಗೆ ಒಳ್ಳೇದೇ ಬಯಸ್ತಿದೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಮಾಡ್ತೀನಿ ಅಂದಿದ್ರಿ” ಎಂದರು.

ಇಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು. ಆ ದನಿಗಿಂತ ಈ ಮೂರು ಪದ ನನ್ನನ್ನು ಹೆಚ್ಚು ನಡುಗಿಸಿತು. ನನಗೆ ಅವರ ಮುಖ ನೋಡಲಾಗಲಿಲ್ಲ. ಆಗಲೇ ಅವರು ತಮ್ಮ ಅತ್ತೆಯ ಮಾತನ್ನು ಹೇಳಿದ್ದು, ಬಿಟ್ಟ ಸಂಕಲ್ಪ ಜನ ಹುಡುಕಿಕೊಳ್ಳುತ್ತದೆ ಎಂಬುದನ್ನು. ಹೇಳಿ ಎದ್ದು ಹೋಗಿ ವೀಣಾಗೆ ಫೋನ್ ಮಾಡಿದರು. “ಡಾಕ್ಟ್ರಿಗೆ ಹೇಳ್ಬಿಡಮ್ಮ. ಆಪರೇಷನ್ ಮಾಡ್ಲಿ” ಎನ್ನುವುದು ಕೇಳಿಸಿತು. ಫೋನಿಟ್ಟು ಬಂದು ನನ್ನೆದುರು ನಿಂತರು.

“ಆಪರೇಷನ್ ಹೊತ್ತಿಗೆ ನೀವು ಮಾಡ್ತೀರಾ? ಆಗಲ್ಲ ಅಂದ್ರೆ ಆಗಲ್ಲ ಅಂತ ಈಗ್ಲೇ ಹೇಳಿ. ನಾನೇನೂ ಅಂದ್ಕೊಳಲ್ಲ.”

ಪ್ರಾರ್ಥನೆ ಮಾಡುತ್ತೇನೆಂದು ಜೀವಮಾನದಲ್ಲಿ ಸಾವಿರ ಸಲ ಹೇಳಿದವನು ಈ ಸಲ ಬಾಯಿ ತೆರೆಯಲು ಬಹಳ ಹೊತ್ತು ತೆಗೆದುಕೊಂಡೆ. ದನಿ ತಗ್ಗಲಿಲ್ಲ, ತಲೆ ವಾಲಲಿಲ್ಲ. “ಮಾಡ್ತೀನಿ” ಎಂದೆ.

ಎರಡು ದಿನ ಬಿಟ್ಟು, ಮಧ್ಯಾಹ್ನದ ಮೇಲೆ, ಅವರನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದರು. ತಾಯಿ ಮಗಳು ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಪಕ್ಕದ ಮನೆಗೆ ಬೀಗ. ನಾನು ನಮ್ಮ ಬಾಗಿಲ ಮುಂದೆ ಕೀ ಹಿಡಿದು ನಿಂತೆ. ನನ್ನ ಮನೆಗೆ ನಾನೇ ಬೆಲ್ ಒತ್ತಿ ಕಾಯೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಒಳಗಿನಿಂದ ಯಾರಾದರೂ ಬಂದರೆ ಏನು ಮಾಡುವುದೆಂದು ಹೆದರಿ ಬೀಗ ತೆಗೆದೆ. ಮನೆ ಖಾಲಿಯಿತ್ತು. ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು. ಕುಳಿತು ಎರಡು ಸಲ ಕೆಮ್ಮಿದೆ.

ಪ್ರಾರ್ಥನೆ ಎಂಥ ಕಷ್ಟದ ಕೆಲಸವೆಂದು ನನಗೆ ಆ ದಿನ ಗೊತ್ತಾಯಿತು. ಕೃಪಾಸಾಗ... ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದೆ. ಮೂರ್ತಿಗಳ ಹೆಸರು ಹೇಳಿದೆ. ಮುಂದಿನ ಮಾತು ಹೊಳೆಯಲಿಲ್ಲ. ಮನಸ್ಸು ಗ್ಯಾಸ್ ಬುಕ್ ಮಾಡಬೇಕೆಂದು ನೆನಪಿಸಿತು. ಅದನ್ನು ಎಳೆದು ತಂದು ಕೂರಿಸಿದರೆ ಅದು ಕಿಟಕಿಯಿಂದ ಇಳಿದು ಕನಕಪುರ ರಸ್ತೆಯ ಕಡೆ ಹೋಯಿತು. ಕೊನೆಗೆ ನನಗೆ ಬಂದ ಹಾಗೆ, ತೊದಲಿಕೊಂಡು, “ಅವರನ್ನ ಉಳಿಸು. ನಾನು ಮಾಡಿದ್ದಕ್ಕೆ ಅವರಿಗೆ ಶಿಕ್ಷೆ ಕೊಡಬೇಡ” ಎಂದೆ. ಹೇಳುವಾಗ ಅಳು ಬಂತು. ನನಗಾಗಿ ಅತ್ತೆನೋ ಅವರಿಗಾಗಿ ಅತ್ತೆನೋ ತಿಳಿಯದು.

ಸಾಕೆಂದು ಏಳುವುದರಲ್ಲಿದ್ದೆ. ಆಗ ಗೋಡೆಯಾಚೆ, ಬೀಗ ಹಾಕಿದ ಆ ಮನೆಯಲ್ಲಿ, ಯಾರೋ ಸ್ಟೂಲನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ಯಾರೋ ಅದರ ಮೇಲೆ ನಿಧಾನವಾಗಿ ಕುಳಿತರು. ಆಮೇಲೆ ಏನೂ ಇಲ್ಲ. ಆದರೆ ಬರಿಯ ನಿಶ್ಶಬ್ದ ಬೇರೆ, ಒಬ್ಬರು ಕಿವಿಗೊಟ್ಟು ಕುಳಿತಾಗಿನ ನಿಶ್ಶಬ್ದ ಬೇರೆ. ತರಗತಿಯಲ್ಲಿ ಪಾಠ ಒಪ್ಪಿಸಿದವರಿಗೆಲ್ಲ ಆ ವ್ಯತ್ಯಾಸ ಗೊತ್ತು. ಎದ್ದು ಓಡಲು ಧೈರ್ಯವಾಗಲಿಲ್ಲ, ನಿಲ್ಲಿಸಲೂ ಧೈರ್ಯವಾಗಲಿಲ್ಲ. ಹೀಗೆ ಹೆದರಿಕೆಯಿಂದ ಕುಳಿತು ನಾನು ಸುಗುಣ ಬರುವ ತನಕ ಪ್ರಾರ್ಥಿಸಿದೆ. ಅವಳು ಬಾಗಿಲು ತೆರೆದು, ನನ್ನನ್ನು ನೋಡಿ, ಚಪ್ಪಲಿಯನ್ನೂ ಸದ್ದಾಗದಂತೆ ಬಿಚ್ಚಿಟ್ಟು ಪಕ್ಕದಲ್ಲಿ ಕುಳಿತಳು. ಗೋಡೆಯಾಚೆ ಸ್ಟೂಲು ಹಿಂದಕ್ಕೆ ಸರಿಯಿತು.

ಮೂರ್ತಿಗಳು ಉಳಿದರು. ನನ್ನ ಪ್ರಾರ್ಥನೆಯಿಂದ ಎಂದು ನಾನು ಹೇಳುವುದಿಲ್ಲ, ಡಾಕ್ಟರು ಕೇಳಿಸಿಕೊಂಡರೆ ಬೇಸರ ಮಾಡಿಕೊಂಡಾರು. ತಲೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದರು. ಮಾತು ಒಂದೊಂದಾಗಿ ಮರಳತೊಡಗಿತು. ನಾನು ಈಗ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಬೆತ್ತದ ಕುರ್ಚಿಯಲ್ಲಿ ಕುಳಿತು, ಬಾಯಿ ಬಿಟ್ಟು ಪ್ರಾರ್ಥಿಸುತ್ತೇನೆ. ಯಾರಿಗೆ ಮಾತು ಕೊಟ್ಟಿದ್ದೇನೋ ಅವರಿಗಾಗಿ ಮಾತ್ರ. ಹಾಗಾಗಿ ಮಾತು ಕೊಡುವುದೇ ಬಹಳ ಕಡಿಮೆಯಾಗಿದೆ. ಚರ್ಚಿನಲ್ಲಿ ಕಾಫಿ ಕುಡಿಯುವಾಗ ಯಾರಾದರೂ ಕಷ್ಟ ಹೇಳಿಕೊಂಡರೆ ಲೋಟವನ್ನೇ ನೋಡುತ್ತ ನಿಲ್ಲುತ್ತೇನೆ. ಆನಂದರಾಜ್ ಯಾಕೋ ಭಕ್ತಿಯಲ್ಲಿ ಹಿಂದೆ ಬಿದ್ದಿದ್ದಾನೆ ಎಂದು ಕೆಲವರು ಮಾತಾಡಿಕೊಳ್ಳುತ್ತಾರಂತೆ. ಮಧ್ಯಾಹ್ನ ಮೂರಕ್ಕೆ ಈಗ ನಮ್ಮ ಮನೆಯಿಂದ ಏನೂ ಕೇಳಿಸುವುದಿಲ್ಲವೆಂದು ನಾಗರತ್ನಮ್ಮ ಹೇಳಿದರು. ಪಾಯಸ ಕಳಿಸುವುದನ್ನು ಅವರು ನಿಲ್ಲಿಸಿದ್ದಾರೆ. ಅದು ನ್ಯಾಯವೇ.

ಮೊನ್ನೆ ಮೂರ್ತಿಗಳನ್ನು ನೋಡಿಕೊಂಡು ಬರೋಣವೆಂದು ಹೋದೆ. ನಾಗರತ್ನಮ್ಮ ಕಾಫಿಗೆಂದು ಒಳಗೆ ಹೋದರು. ಮೂರ್ತಿಗಳು ದಿಂಬಿಗೆ ಒರಗಿ ಕುಳಿತಿದ್ದವರು ನನ್ನನ್ನು ಹತ್ತಿರ ಬಾ ಎಂದು ಬೆರಳಿನಲ್ಲಿ ಕರೆದರು. ಹಳೆಯ ಮೇಷ್ಟರ ಕಣ್ಣು. ಒಂದೊಂದೇ ಪದವನ್ನು ಹುಡುಕಿ ಜೋಡಿಸಿದರು.

“ಮೊದ್ಲು ಬರ್ತಿದ್ರಲ್ಲ... ಅವ್ರು ಈಗ ಬರಲ್ವಾ?”

“ಇಲ್ಲ ಸಾರ್. ಈಗ ನಾನೇ ಮಾಡ್ತಿದ್ದೀನಿ.”

“ಗೊತ್ತಾಯ್ತು” ಎಂದರು. “ಬಹಳ ತಡವರಿಸ್ತೀರಿ. ಅವ್ರು ಚೆನ್ನಾಗಿ ಮಾಡ್ತಿದ್ರು.”

“ಹೌದು ಸಾರ್. ನಾನೂ ಕೇಳಿದ್ದೀನಿ.”

ಮೂರ್ತಿಗಳು ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕೈ ತಟ್ಟಿದರು.

“ಪರವಾಗಿಲ್ಲ, ನಡೀಲಿ. ಬಿಡಬೇಡಿ. ನೀವು ಬಿಟ್ರೆ... ಪಾಪ, ಅವ್ರೇ ಮತ್ತೆ ಬರ್ಬೇಕಾಗತ್ತೆ.”